ಪ್ರಿಂಟರಿಗೆ ಮುನಿಸು, ನನಗೆ ಕಾಫಿ

3, ಸೋಮವಾರ. ಬೆಳಗ್ಗೆ 8.25

ಬಂದೆ. ಛತ್ರಿ ಮೂಲೆಗೆ, ಬ್ಯಾಗ್ ಡ್ರಾಯರಿಗೆ, ಕನ್ನಡಕ ಮೂಗಿಗೆ. ಪರದೆ ನೋಡಿದೆ. ಒಂದನೇ ಪ್ರಿಂಟರ್: 'ಮೆಸೇಜ್ ವೇಟಿಂಗ್'. ದಿನದ ಮುನಿಸು. ಹಸಿರು ಅಕ್ಷರದಲ್ಲಿ ಮುಖ ಊದಿಸಿಕೊಂಡು ಕೂತಿದೆ. ಕೂತಿರಲಿ. ಮುನಿಸಿಕೊಂಡವರನ್ನು ಓಲೈಸಬಾರದು ಎಂಬುದು ಈ ಕುರ್ಚಿಯಲ್ಲಿ ಹದಿನಾಲ್ಕು ತಿಂಗಳು ಕೂತು ನಾನು ಕಂಡುಕೊಂಡ ಮಹಾತತ್ವ. ಎದ್ದು ಹೋಗಿ ಕಾಫಿ ಕುಡಿಯಬೇಕು. ಐದೇ ನಿಮಿಷ. ವಾಪಸ್ ಬರುವಷ್ಟರಲ್ಲಿ ಸಿಟ್ಟಿಳಿದು ಕರಕರ ಸ್ಲಿಪ್ ಉಗುಳುತ್ತಿರುತ್ತದೆ. ಕಾಫಿ ವಿಧಾನ. ಯಾವ ಮ್ಯಾನ್ಯುಯಲ್‌ನಲ್ಲೂ ಇಲ್ಲ.

8.40

ಇನ್ನೂ ವೇಟಿಂಗ್. ಕಾಫಿ ಸ್ಟ್ರಾಂಗ್ ಇರಲಿಲ್ಲವೇನೋ. ಎರಡನೆಯದು.

9.05

ಮೂರನೆಯದು. ಸಿಟ್ಟು ಏರುತ್ತಿದೆ. ಪ್ರಿಂಟರಿನದ್ದಲ್ಲ, ನನ್ನದು.

11.00

ಈ ಡೈರಿ ಯಾರೂ ಓದುವುದಿಲ್ಲ. ಆದರೂ ಈ ವಾರ ನಾನು ಯಾರನ್ನಾದರೂ ಕೊಂದರೆ ಕಾರಣ ದಾಖಲಾಗಿರಲಿ.

ನಮ್ಮದು ಲಿಫ್ಟ್ ಬಿಡಿಭಾಗಗಳ ಗೋದಾಮು. ಊರಿನ ಯಾವ ಲಿಫ್ಟ್ ಕೆಟ್ಟರೂ ಅದರ ರೋಲರ್, ಹಗ್ಗ, ಗುಂಡಿ ಇಲ್ಲಿಂದಲೇ ಹೋಗಬೇಕು. ಸ್ಲಿಪ್ ಬರದೆ ಸಾಮಾನು ಅಲುಗದು. ಸ್ಲಿಪ್ ಕೊಡುವುದು ನನ್ನ ಮಷೀನ್ — ಇಪ್ಪತ್ತೆರಡು ವರ್ಷದ ಕಪ್ಪು ಪೆಟ್ಟಿಗೆ, ಫ್ರಿಜ್‌ನಷ್ಟು ಎತ್ತರ, ಫ್ರಿಜ್‌ನಷ್ಟೇ ಮಾತುಗಾರ. ಮತ್ತು ಅದರ ಬಾಲ, ಈ ಪ್ರಿಂಟರ್.

ಮೀಸೆ ಬಂದ. ಸ್ಟೋರ್ ಕೀಪರ್. ಮೀಸೆಯೇ ಮೊದಲು ಬರುತ್ತದೆ, ಹಿಂದೆ ಅವನು.

"ಮೇಡಮ್, ಸ್ಲಿಪ್?"

"ಬರುತ್ತೆ."

"ಯಾವಾಗ?"

"ಬಂದಾಗ."

"ಆರು ಟ್ರಕ್ ನಿಂತಿವೆ."

"ನಿಂತ್ಕೊಳ್ಳಲಿ. ಟ್ರಕ್‌ಗೇನು ಕಾಲು ನೋಯುತ್ತಾ?" ಎಂದೆ. ಆಮೇಲೆ ಸ್ವಲ್ಪ ಮೆತ್ತಗೆ, "ಕೈಯಲ್ಲಿ ಬರೆದುಕೊಡಲಾ?"

"ಕೈಬರಹ ನಾನು ಮುಟ್ಟಲ್ಲ. ನಂಬರ್ ಇರ್ಬೇಕು, ಮೂರು ಪ್ರತಿ ಇರ್ಬೇಕು. ಬಿಳಿ ನನಗೆ, ಹಳದಿ ಡ್ರೈವರ್‌ಗೆ, ಗುಲಾಬಿ ಗಿರಾಕಿಗೆ. ದೊಡ್ಡ ಮೇಡಮ್ ಕಾಲದಿಂದ ಹಂಗೇ."

ದೊಡ್ಡ ಮೇಡಮ್! ನನ್ನ ಅಕ್ಕ. ಈ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತು, ರಿಟೈರ್ ಆಗಿ, ಇನ್ನೂ ಇಳಿಯದವಳು. ಹಾಗಾದರೆ ನಾನು ಯಾರು, ಚಿಕ್ಕ ಮೇಡಮ್ಮಾ? ಕೇಳಲಿಲ್ಲ. ಉತ್ತರ ಗೊತ್ತಿತ್ತು.

ಮೀಸೆ ಹೊರಗೆ ಹೋಗಿ ಫೋನ್ ಹಚ್ಚಿದ. ಬೆಳಗ್ಗೆ ಪ್ರಿಂಟರಿಗೆ ಪೇಪರ್ ಬದಲಿಸುವುದು ಇವನ ಕೆಲಸ. ಸಂಜೆಯ ರಿಪೋರ್ಟಿನ ಬಿಳಿ ಹಾಳೆ ತೆಗೆದು, ಮೂರು ಬಣ್ಣದ ಫಾರ್ಮ್ ಹಾಕುತ್ತಾನೆ. ಹಾಕಿದವನೇ ಅಂಗಳಕ್ಕೆ ಹೋಗಿ ದಿನಾ ಒಂದು ಫೋನ್. ಈ ವಯಸ್ಸಿನಲ್ಲಿ ಹೆಂಡತಿಯ ಜೊತೆ ಅಷ್ಟು ಮಾತು! ಇವತ್ತು ನಾಲ್ಕು ಸಲ ಮಾಡಿದ. ಪ್ರತಿ ಸಲವೂ ಬಾಡಿದ ಮುಖದಲ್ಲಿ ಬಂದ. ಮನೆಯಲ್ಲೂ ವೇಟಿಂಗ್ ಇರಬೇಕು.

ಸಂಜೆ 7.00

ಮನೆಗೆ ಬಂದರೆ ನಮ್ಮ ಕಟ್ಟಡದ ಲಿಫ್ಟ್‌ಗೂ ಬೋರ್ಡ್ ನೇತುಹಾಕಿದ್ದಾರೆ. 'ಕೆಟ್ಟಿದೆ. ರೋಲರ್ ಬರಬೇಕು.' ಎಲ್ಲಿಂದ ಬರಬೇಕು? ನನ್ನ ಗೋದಾಮಿನಿಂದ. ಸ್ಲಿಪ್ ಎಲ್ಲಿದೆ? ನನ್ನ ಪ್ರಿಂಟರಿನ ಸರದಿಯಲ್ಲಿ, ಹದಿನೇಳನೆಯದು. ಮಧ್ಯಾಹ್ನವೇ ಪರದೆಯ ಮೇಲೆ ವಿಳಾಸ ನೋಡಿ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

ನಾನು ಎರಡನೇ ಮಹಡಿ, ಹತ್ತಿಬಿಡಬಹುದು. ಅಕ್ಕ ಆರನೆಯದು. ಹೋದ ವರ್ಷ ಮಂಡಿ ಆಪರೇಷನ್ ಆದವಳು; ಲಿಫ್ಟ್ ಇಲ್ಲದಿದ್ದರೆ ಆಕಾಶದಲ್ಲೇ ವಾಸ. ಇರಲಿ. ಆಪರೇಷನ್‌ಗೂ ನಾನು ಹೋಗಿರಲಿಲ್ಲ. ಅವಳ ಬೀಳ್ಕೊಡುಗೆಯ ದಿನ ಇಡೀ ಆಫೀಸಿನ ಎದುರು ಮೈಕ್ ಹಿಡಿದು ಹೇಳಿದ ಮಾತು ಕಿವಿಯಲ್ಲೇ ಇದೆ: "ನನ್ನ ತಂಗಿಗೆ ಬಟನ್ ಒತ್ತೋಕೆ ಬರುತ್ತೆ. ಯಾಕೆ ಒತ್ತಬೇಕು ಅನ್ನೋದು ಇನ್ನೂ ಬರಲ್ಲ." ಎಲ್ಲರೂ ನಕ್ಕರು. ಮೀಸೆ ಚಪ್ಪಾಳೆ ತಟ್ಟಿದ. ನಾನೂ ಮೈಕ್ ಕಸಿದುಕೊಂಡು ಹೇಳಿದೆ: "ಇವಳು ಹೋದಮೇಲೆ ಮಷೀನಿಗೂ ಉಸಿರಾಡೋಕೆ ಜಾಗ ಸಿಗುತ್ತೆ." ಯಾರೂ ನಗಲಿಲ್ಲ. ಅವತ್ತಿನಿಂದ ಮಾತಿಲ್ಲ. ಹದಿನಾಲ್ಕು ತಿಂಗಳು.

ಮೆಟ್ಟಿಲಲ್ಲಿ ಭಾವ ಸಿಕ್ಕರು. ಎರಡು ಕೈಯಲ್ಲೂ ತರಕಾರಿ ಚೀಲ, ಏದುಸಿರು. "ನಿಮ್ಮಕ್ಕ ಕೇಳಿದ್ಳು… ಅಂದ್ರೆ ಕೇಳಿಲ್ಲ, ಸುಮ್ನೆ ಅಂದ್ಳು… ಆಫೀಸಲ್ಲಿ ಎಲ್ಲ ಸರಿಯಾ ಅಂತ."

"ಭರ್ಜರಿಯಾಗಿ ನಡೀತಿದೆ ಅಂತ ಹೇಳಿ."

ಭಾವ ಏನೋ ಹೇಳಲು ಬಾಯಿ ತೆಗೆದರು. ಉಸಿರು ಸಾಲಲಿಲ್ಲ. ಮೇಲೆ ಹೋದರು.

4, ಮಂಗಳವಾರ

ಇಡೀ ದಿನ ಯುದ್ಧ. ಪ್ರಿಂಟರನ್ನು ಆಫ್ ಮಾಡಿ ಆನ್ ಮಾಡಿದೆ. ಮಷೀನಿನ ಕಡೆಯಿಂದ ಸಂಪರ್ಕ ಕಡಿದೆ, ಮತ್ತೆ ಜೋಡಿಸಿದೆ. ಕೇಬಲ್ ಬದಲಿಸಿದೆ. ಐಪಿ ಅಡ್ರೆಸ್ ಹೋಲಿಸಿದೆ, ಎರಡು ಕಡೆಯೂ ಒಂದೇ. ಪುಟಕ್ಕೆ ಅರವತ್ತಾರು ಸಾಲು, ಸರಿ. ಸೆಲ್ಫ್ ಟೆಸ್ಟ್ ಒತ್ತಿದೆ: ಅಕ್ಷರಮಾಲೆಯನ್ನು ಗಡಗಡ ಒಪ್ಪಿಸಿತು, ಹೋಮ್‌ವರ್ಕ್ ಮಾಡದೆ ಪದ್ಯ ಮಾತ್ರ ಬಾಯಿಪಾಠ ಮಾಡಿದ ಮಗುವಿನ ಹಾಗೆ. ಆರೋಗ್ಯಕ್ಕೇನೂ ಕೊರತೆಯಿಲ್ಲ. ಮಾತಾಡಲು ಇಷ್ಟವಿಲ್ಲ, ಅಷ್ಟೇ. ಈ ರೋಗ ನಮ್ಮ ಮನೆತನದಲ್ಲಿ ಇದೆ.

ಪಟ್ಟಿಯಲ್ಲಿ ಏಳನೆಯ ಆಯ್ಕೆ: 'ಮೆಸೇಜ್ ತೋರಿಸು.' ಹದಿನಾಲ್ಕು ತಿಂಗಳಲ್ಲಿ ಅದನ್ನು ಒತ್ತಿದ್ದು ಇದೇ ಮೊದಲು. ಒತ್ತುವ ಪ್ರಮೇಯವೇ ಬಂದಿರಲಿಲ್ಲ, ಕಾಫಿ ಇತ್ತಲ್ಲ. ಉತ್ತರ ಬಂತು: ಈ ಮೆಸೇಜ್ ನೋಡಲು ನಿಮಗೆ ಅಧಿಕಾರವಿಲ್ಲ.

ನನಗೆ! ಅಧಿಕಾರವಿಲ್ಲ!

ಡ್ಯಾಶ್‌ಬೋರ್ಡ್ ಬಳಿ ಹೋದೆ. ಹೊಸ ಐಟಿ ಮುಖ್ಯಸ್ಥ. ಯಾವ ಪ್ರಶ್ನೆ ಕೇಳಿದರೂ "ಅದಕ್ಕೊಂದು ಡ್ಯಾಶ್‌ಬೋರ್ಡ್ ಮಾಡೋಣ" ಎನ್ನುವುದರಿಂದ ಆ ಹೆಸರು. ಇಟ್ಟದ್ದು ನಾನೇ.

"ನಿಮ್ಮ ಹೆಸರಲ್ಲಿ ಲಾಗಿನ್ ಆಗಿ ಒಂದು ಏಳು ಒತ್ತಿ ಕೊಡಿ, ಸಾಕು," ಎಂದೆ.

"ಆ ಕಪ್ಪು ಸ್ಕ್ರೀನಲ್ಲಿ ಮೌಸ್ ಎಲ್ಲಿದೆ?"

"ಮೌಸ್ ಇಲ್ಲ."

"ನೋಡಿ, ಅದೇ ನಿಮ್ಮ ಪ್ರಾಬ್ಲಮ್." ಕುರ್ಚಿ ತಿರುಗಿಸಿದ. "ಶುಕ್ರವಾರ ಸಂಜೆ ಐದರವರೆಗೂ ಟೈಮ್. ಪ್ರಿಂಟ್ ಬಂದ್ರೆ ಸರಿ. ಇಲ್ಲಾಂದ್ರೆ ಮಷೀನ್ ಆಫ್. ನಿಮಗೆ ರಿಸೆಪ್ಷನ್‌ನಲ್ಲಿ ಒಳ್ಳೆ ಜಾಗ ಇದೆ. ಕಿಟಕಿ ಪಕ್ಕ."

ಕಿಟಕಿ ಪಕ್ಕ! ಬಂದವರಿಗೆ ಬ್ಯಾಡ್ಜ್ ಕೊಟ್ಟು ನಗಬೇಕು. ನಾನು. ನಗಬೇಕು.

5, ಬುಧವಾರ

ಬರೆಯುವಂಥದ್ದೇನಿಲ್ಲ. ಬೈಗುಳ ಬಿಟ್ಟು.

6, ಗುರುವಾರ. ಮಧ್ಯಾಹ್ನ 2.00

ಡ್ಯಾಶ್‌ಬೋರ್ಡ್ ಎಲ್ಲರಿಗೂ ಒಂದು ಮೇಲ್ ಕಳಿಸಿದ್ದಾನೆ. ತಲೆಬರಹ: 'ಸ್ವಚ್ಛತೆ'. ಆಡಿಟ್‌ಗಾಗಿ, ಕೆಲಸ ಬಿಟ್ಟವರ ಮತ್ತು ರಿಟೈರ್ ಆದವರ ಮೂವತ್ತೊಂದು ಹಳೇ ಐಡಿಗಳನ್ನು ಭಾನುವಾರ ರದ್ದು ಮಾಡಿದ್ದಾನಂತೆ. ಕೆಳಗೆ ಪಟ್ಟಿ. ಹೆಸರು, ಹುದ್ದೆ, ಕೊನೆಯ ಬಳಕೆ. ಎಲ್ಲವೂ ಮೂರು ವರ್ಷ, ಐದು ವರ್ಷ, ಎಂಟು ವರ್ಷ ಹಿಂದಿನವು. ಸತ್ತವರೂ ಇದ್ದಾರೆ ಪಾಪ.

ಹತ್ತೊಂಬತ್ತನೇ ಸಾಲು ಅಕ್ಕ. ಕೊನೆಯ ಬಳಕೆ: ಕಳೆದ ಶುಕ್ರವಾರ, ಬೆಳಗ್ಗೆ 8.29.

ಮೂರು ಸಲ ಓದಿದೆ. ಕನ್ನಡಕ ಒರೆಸಿ ನಾಲ್ಕನೇ ಸಲ. ಕಳೆದ ಶುಕ್ರವಾರ 8.29ಕ್ಕೆ ನಾನು ಎಲ್ಲಿದ್ದೆ?

ಕಾಫಿ ಕುಡಿಯುತ್ತಿದ್ದೆ.

3.15

ಮೀಸೆಯನ್ನು ರೋಲರ್ ಪೆಟ್ಟಿಗೆಗಳ ನಡುವೆ ಮೂಲೆಗೆ ಒತ್ತರಿಸಿದೆ.

"ದಿನಾ ಬೆಳಗ್ಗೆ ಯಾರಿಗೆ ಫೋನ್ ಮಾಡೋದು ನೀವು?"

"ಮನೆಗೆ."

"ಯಾರ ಮನೆಗೆ?"

ಮೀಸೆಯ ಎರಡೂ ತುದಿ ಇಳಿದವು. "ನೀವು ಕೂಗಾಡಲ್ಲ ಅಂದ್ರೆ ಹೇಳ್ತೀನಿ."

"ಕೂಗಾಡ್ತೀನಿ. ಹೇಳಿ."

ಹೇಳಿದ. ಪ್ರಿಂಟರ್ ಮುನಿಸಿಕೊಂಡು ಕೂರುತ್ತಿರಲಿಲ್ಲ. ದಿನಾ ಬೆಳಗ್ಗೆ ಒಂದು ಪ್ರಶ್ನೆ ಕೇಳುತ್ತಿತ್ತು: 'ಮೂರು ಪ್ರತಿ ಫಾರ್ಮ್ ಹಾಕಿದ್ದೀರಾ?' ಹಾಕಿದ್ದರೆ 'ಜಿ' ಒತ್ತಬೇಕು, ಮುಂದುವರಿ ಎಂದರ್ಥ. ಒತ್ತುವ ತನಕ ಅದು ಕಾಯುತ್ತದೆ. ಆ ಪ್ರಶ್ನೆ ನನಗೆ ಬರುತ್ತಿರಲಿಲ್ಲ, ಅಕ್ಕನಿಗೆ ಹೋಗುತ್ತಿತ್ತು. ಪ್ರಿಂಟರಿನ ಸೆಟ್ಟಿಂಗಿನಲ್ಲಿ ಇನ್ನೂ ಅವಳದೇ ಹೆಸರು. ಮೀಸೆ ಪೇಪರ್ ಹಾಕಿ ಅವಳಿಗೆ ಫೋನ್ ಮಾಡುವುದು. ಅವಳು ಆರನೇ ಮಹಡಿಯಲ್ಲಿ, ಆಫೀಸು ಹಿಂದೊಮ್ಮೆ ರಜಾದಿನಗಳಿಗೆಂದು ಅವಳ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ ಹಳೇ ಸಂಪರ್ಕದಿಂದ ಒಳಗೆ ಬಂದು ಜಿ ಒತ್ತುವುದು. ನಾನು ಕಪ್ ತೊಳೆದಿಟ್ಟು ಬಂದು, ಆಹಾ, ನನ್ನ ತಂತ್ರವೇ ತಂತ್ರ ಎನ್ನುವುದು.

"ಸೋಮವಾರವೇ ಯಾಕೆ ಹೇಳ್ಲಿಲ್ಲ?"

"ದೊಡ್ಡ ಮೇಡಮ್ ಆಣೆ ಹಾಕಿಸ್ಕೊಂಡಿದ್ರು. ಅವಳೇ ಬಂದು ಕೇಳ್ಲಿ ಅಂತ."

"ಇದು ಇನ್ಯಾರ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ ಮೇಡಮ್. ಪ್ಯಾಕಿಂಗ್‌ನವರಿಗೆ ಗೊತ್ತು. ಗೇಟ್‌ನವನಿಗೆ ಗೊತ್ತು. ಡ್ರೈವರ್‌ಗಳಿಗೆ ಗೊತ್ತಿಲ್ಲ… ಇಬ್ಬರು ಬಿಟ್ಟು."

ಕೂಗಾಡಿದೆ.

ಸಂಜೆ 7.40

ತೊಂಬತ್ತಾರು ಮೆಟ್ಟಿಲು. ಎಣಿಸಿದೆ. ಮೊದಲ ನಲವತ್ತರಲ್ಲಿ ಏನೇನು ಬೈಯಬೇಕೆಂದು ಸಿದ್ಧಪಡಿಸಿದೆ, ಮುಂದಿನ ಐವತ್ತಾರರಲ್ಲಿ ಮರೆತೆ. ಭಾವ ಬಾಗಿಲು ತೆರೆದು, ನನ್ನನ್ನು ನೋಡಿ, "ನಾನು ಸ್ವಲ್ಪ ಗಾಳಿಗೆ ಹೋಗ್ಬರ್ತೀನಿ" ಎಂದು ಚಪ್ಪಲಿ ಹುಡುಕಿದರು. ಪಾಪ, ಒಂದು ಕಾಲಿಗೆ ಅಕ್ಕನದು ಹಾಕಿಕೊಂಡು ಇಳಿದರು.

ಅಕ್ಕ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮೇಜಿನ ಮೇಲೆ ಹಳೇ ಲ್ಯಾಪ್‌ಟಾಪ್, ಮುಚ್ಚಿತ್ತು.

"ಬಂದ್ಯಾ?" ಎಂದಳು. ಹದಿನಾಲ್ಕು ತಿಂಗಳ ನಂತರದ ಮೊದಲ ಮಾತು. "ನಾಲ್ಕು ದಿನ ಬೇಕಾಯ್ತು."

"ನನ್ನ ಕೆಲಸ ಮಾಡೋಕೆ ನಿನಗೆ ಯಾರು ಹೇಳಿದ್ರು?"

"ಪ್ರಿಂಟರ್."

"ಪ್ರಿಂಟರ್ ನನ್ನದು!"

"ಅದಕ್ಕೆ ಹಂಗೆ ಅನ್ಸಿಲ್ವಲ್ಲ. ಅದು ನನ್ನನ್ನೇ ಕೇಳ್ತಿತ್ತು."

ಹೊಡೆಯಬೇಕೆನಿಸಿತು. ಮಂಡಿ ನೋಡಿ ಬಿಟ್ಟೆ.

"ಬೇಕಂತಲೇ ನಿನ್ನ ಹೆಸರು ಬಿಟ್ಟು ಹೋದೆ," ಎಂದೆ.

"ಬೇಕಂತಲೇ." ಸಂಕೋಚವೇ ಇಲ್ಲ! "ಮೊದಲನೇ ದಿನ ನಿಲ್ಲುತ್ತೆ, ಬಂದು ಕೇಳ್ತೀಯ, ಯಾಕೆ ಒತ್ತಬೇಕು ಅಂತ ಕೂರಿಸ್ಕೊಂಡು ಹೇಳೋಣ ಅಂತಿದ್ದೆ. ಬೆಳಗ್ಗೆ ಏಳಕ್ಕೇ ಎದ್ದು ಕಾದೆ. ಮೀಸೆ ಫೋನ್ ಮಾಡಿ ಹೇಳ್ದ, ಚಿಕ್ಕ ಮೇಡಮ್ ಕಾಫಿಗೆ ಹೋದ್ರು ಅಂತ. ಕಾಫಿಗೆ! ಟ್ರಕ್ ನಿಂತಿದ್ದವು. ಯಾವುದೋ ಆಸ್ಪತ್ರೆ ಲಿಫ್ಟಿನ ಹಗ್ಗ ಇತ್ತು ಅದರಲ್ಲಿ. ಏನ್ ಮಾಡ್ಲಿ, ಒತ್ತಿದೆ. ನಾಳೆ ಕೇಳ್ತಾಳೆ ಅಂದ್ಕೊಂಡೆ."

"ಆಮೇಲೆ?"

"ನಾಳೆ ನಾಳೆ ಅಂತ ಇಷ್ಟಾಯ್ತು."

ಚಿಕ್ಕ ಮೇಡಮ್. ಅಂತೂ ಹೆಸರು ಇತ್ತು.

ಆಮೇಲೆ ಕೆಲಸದ ಮಾತು, ಇಬ್ಬರೂ ಗೋಡೆ ನೋಡಿಕೊಂಡು. ಪ್ರಿಂಟರಿನ ಸೆಟ್ಟಿಂಗಿನಲ್ಲಿ ಮೆಸೇಜ್ ಯಾರಿಗೆ ಹೋಗಬೇಕೆಂಬ ಒಂದು ಸಾಲು ಇದೆ. ಅಲ್ಲಿ ಹೆಸರು ಬದಲಿಸಿದರೆ ಮುಗಿಯಿತು. ಬದಲಿಸುವ ಅಧಿಕಾರ ಡ್ಯಾಶ್‌ಬೋರ್ಡ್‌ಗೆ ಮಾತ್ರ. ಅವನು ಆ ಪರದೆ ತೆರೆದರೆ ಅಕ್ಕನ ಹೆಸರು ಕಾಣುತ್ತದೆ. ರಿಟೈರ್ ಆದವಳು ಹದಿನಾಲ್ಕು ತಿಂಗಳು ಕಂಪನಿಯ ಮಷೀನಿನೊಳಗೆ ಓಡಾಡಿದ್ದು ಕಾಣುತ್ತದೆ. ಅವನು ಅದಕ್ಕೂ ಒಂದು ಡ್ಯಾಶ್‌ಬೋರ್ಡ್ ಮಾಡುತ್ತಾನೆ. ಕೊನೆಯಲ್ಲಿ ಪೊಲೀಸರೂ ಇರಬಹುದು.

"ಹೇಳು ಅವನಿಗೆ," ಎಂದಳು ಅಕ್ಕ. "ನಾನೇ ಮಾಡ್ದೆ ಅಂತ ಬರ್ಕೊಡ್ತೀನಿ. ನಿನ್ನ ಕುರ್ಚಿ ಉಳಿಯುತ್ತೆ."

"ನಿನ್ನ ಉಪಕಾರ ಬೇಡ."

"ಹಾಗಾದ್ರೆ ಯಾಕೆ ಬಂದೆ?"

"ಬೈಯೋಕೆ."

"ಬೈದಾಯ್ತಾ?"

"ಇನ್ನೂ ಇದೆ. ನಾಳೆ ಬೈತೀನಿ."

ತೊಂಬತ್ತಾರು ಮೆಟ್ಟಿಲು ಕೆಳಗೆ. ಭಾವ ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದರು, ಜೋಡಿಯಿಲ್ಲದ ಚಪ್ಪಲಿಗಳನ್ನು ನೋಡುತ್ತಾ. "ಮುಗೀತಾ?"

"ಇಂಟರ್ವಲ್," ಎಂದೆ.

7, ಶುಕ್ರವಾರ. ಸಂಜೆ 6.30

ನಾಲ್ಕು ಗಂಟೆಗೆ ಡ್ಯಾಶ್‌ಬೋರ್ಡನ್ನು ಎಳೆದುಕೊಂಡು ಬಂದೆ. "ಐದು ನಿಮಿಷ. ನೀವು ಲಾಗಿನ್ ಆಗಿ, ನಾನು ಹೇಳಿದ್ದು ಒತ್ತಿ." ಎರಡು ಬೆರಳಲ್ಲಿ ಪಾಸ್‌ವರ್ಡ್ ಕುಟ್ಟಿದ. ತನ್ನದೇ ಹೆಸರು, ಮುಂದೆ ಒಂದು ಎರಡು ಮೂರು. ನಾನು ನೋಡಲಿಲ್ಲ. ಕಣ್ಣು ನೋಡಿತು.

ಏಳು ಒತ್ತಿದ. ಪ್ರಶ್ನೆ ತೆರೆದುಕೊಂಡಿತು. ಸೋಮವಾರ 8.24ರದ್ದು, ಒಂದೇ ಒಂದು ಪ್ರಶ್ನೆ, ಅದರ ಹಿಂದೆ ನೂರಾರು ಸ್ಲಿಪ್. ಅದರ ಮೇಲೆ ಹಳೆಯವು: ಪ್ರಶ್ನೆ, ಜಿ. ಪ್ರಶ್ನೆ, ಜಿ. 8.29, 8.28, 8.31. ಪುಟ ಮಗುಚಿದಷ್ಟೂ ಜಿ. ಒಂದು ದಿನ ಮಾತ್ರ 9.10. ತಾರೀಕು ನೋಡಿದೆ. ಅಕ್ಕನ ಆಪರೇಷನ್ನಿನ ಮರುದಿನ, ಆಸ್ಪತ್ರೆಯ ಹಾಸಿಗೆಯಿಂದ. ಅವತ್ತು ನಾನು ಎರಡು ಕಾಫಿ ಕುಡಿದಿದ್ದೆ. ಮಷೀನಿಗೆ ವಯಸ್ಸಾಯಿತು ಎಂದು ಮೀಸೆಯ ಹತ್ತಿರ ಹೇಳಿದ್ದೂ ನೆನಪಿದೆ. ಅವನು ಅವತ್ತು ನನ್ನನ್ನೇ ನೋಡಿದ್ದ.

"ಇದು ಯಾರ ಐಡಿ?" ಡ್ಯಾಶ್‌ಬೋರ್ಡ್ ಮುಂದೆ ಬಾಗಿದ. "ರಿಟೈರ್ಡ್ ಅಲ್ವಾ? ಇದನ್ನ ದಿನಾ ಯಾರು ಒತ್ತಿದ್ದು?"

"ನಾನು."

"ಅವರ ಹೆಸರಲ್ಲಿ?"

"ಹೌದು. ಪಾಸ್‌ವರ್ಡ್ ನನಗೆ ಗೊತ್ತಿತ್ತು. ಹದಿನಾಲ್ಕು ತಿಂಗಳು, ಒಂದು ದಿನ ತಪ್ಪದೆ, ನಾನೇ."

ಅವಳನ್ನು ಉಳಿಸಲೆಂದಲ್ಲ. ಇಡೀ ಗೋದಾಮು ನನ್ನ ಬೆನ್ನ ಹಿಂದೆ ನಕ್ಕ ಕೆಲಸದ ಹೆಸರಾದರೂ ಕಾಗದದ ಮೇಲೆ ನನ್ನದಾಗಲಿ ಎಂದು. ಹಳೇ ಮಷೀನಿನ ಲಾಗ್ ಓದಿ ಸುಳ್ಳು ಹಿಡಿಯಬಲ್ಲವರು ಊರಲ್ಲಿ ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳಿಗೆ ಮಂಡಿ ನೋವು.

"ಇದು ಸೀರಿಯಸ್," ಎಂದ. ಅವನ ಮುಖ ಅರಳಿತ್ತು. "ಬರೆದು ಕೊಡಿ."

ಬರೆದುಕೊಟ್ಟೆ. ಕೈಬರಹದಲ್ಲಿ. ಒಂದೇ ಪ್ರತಿ. ಅವನು ಮುಟ್ಟಿದ.

4.26ಕ್ಕೆ ಅವನ ಬೆರಳಿನಿಂದ ಜಿ ಒತ್ತಿಸಿದೆ. ಕರಕರ ಶುರುವಾಯಿತು. ಮೀಸೆ ಓಡಿಬಂದು ಬಿಳಿ, ಹಳದಿ, ಗುಲಾಬಿ ಹರಿಯುತ್ತಾ ನಿಂತ. ನನ್ನ ಮುಖ ನೋಡಲಿಲ್ಲ. ಹದಿನೇಳನೆಯ ಸ್ಲಿಪ್ ನಾನೇ ಹರಿದುಕೊಟ್ಟೆ.

ತೀರ್ಪು: ಪ್ರಿಂಟ್ ಐದರೊಳಗೆ ಬಂದಿದ್ದರಿಂದ ಮಷೀನ್ ಉಳಿಯಿತು. ಪಾಸ್‌ವರ್ಡ್ ಅಪರಾಧದಿಂದ ನಾನು ಹೋದೆ. ಸೋಮವಾರದಿಂದ ಕಿಟಕಿ ಪಕ್ಕ.

"ಸೆಟ್ಟಿಂಗಿನಲ್ಲಿ ಯಾರ ಹೆಸರು ಹಾಕಲಿ?" ಎಂದು ಕೇಳಿದೆ.

"ನನ್ನದೇ ಹಾಕಿ. ಇನ್ಮೇಲೆ ಪ್ರಶ್ನೆ ನನಗೇ ಬರ್ಲಿ."

ಹಾಕಿದೆ. ಪ್ರಶ್ನೆ ಏನು, ಯಾವಾಗ ಬರುತ್ತದೆ, ಯಾಕೆ ಒತ್ತಬೇಕು ಎಂದು ಹೇಳಲು ಬಾಯಿ ತೆಗೆದೆ. ಅವನು ಕೈ ಎತ್ತಿದ. "ಐ ವಿಲ್ ಮ್ಯಾನೇಜ್."

ಬಾಯಿ ಮುಚ್ಚಿದೆ. ಇಷ್ಟು ಸಂತೋಷದಿಂದ ನಾನು ಯಾವತ್ತೂ ಬಾಯಿ ಮುಚ್ಚಿಲ್ಲ.

9, ಭಾನುವಾರ

ಲಿಫ್ಟ್ ಸರಿಯಾಯಿತು. ಎರಡನೇ ಮಹಡಿಯಲ್ಲಿ ಗುಂಡಿ ಒತ್ತಿ ನಿಂತೆ. ಬಾಗಿಲು ತೆರೆದರೆ ಒಳಗೆ ಅಕ್ಕ, ಕೋಲು, ಭಾವ. ಮೂವರೂ ನನ್ನನ್ನೇ ನೋಡಿದರು, ಕೋಲೂ ಸೇರಿ.

"ಬರ್ತೀಯೋ ಇಲ್ವೋ, ಬಾಗಿಲು ಮುಚ್ಚುತ್ತೆ," ಎಂದಳು.

ಹೋದೆ. ಕೆಳಗಿಳಿದ ಮೇಲೆ, "ಸುಳ್ಳು ಬರ್ಕೊಟ್ಟೆಯಂತೆ. ಮೀಸೆ ಹೇಳ್ದ. ಮೂರ್ಖಿ."

"ನಿನ್ನ ಹೆಸರು ಅಲ್ಲಿ ಬೇಡ ಅನ್ನಿಸ್ತು, ಅಷ್ಟೇ."

ಕೋಲು ಒಮ್ಮೆ ನೆಲಕ್ಕೆ ಕುಟ್ಟಿದಳು. ಮುಂದೆ ನಡೆದಳು.

10, ಸೋಮವಾರ. ಬೆಳಗ್ಗೆ 8.25

ರಿಸೆಪ್ಷನ್. ಕಿಟಕಿ ಪಕ್ಕ. ಬ್ಯಾಡ್ಜ್ ಡಬ್ಬಿ, ಸಂದರ್ಶಕರ ಹೆಸರು ಸೇರಿಸಲೆಂದು ಒಂದು ಹಳೇ ಟರ್ಮಿನಲ್. ನೋಡಬಾರದೆಂದುಕೊಂಡೇ ನೋಡಿದೆ. ಒಂದನೇ ಪ್ರಿಂಟರ್: 'ಮೆಸೇಜ್ ವೇಟಿಂಗ್'.

ಗಾಜಿನಾಚೆ ಡ್ಯಾಶ್‌ಬೋರ್ಡ್ ನನ್ನ ಹಳೇ ಕುರ್ಚಿಯಲ್ಲಿ. ಮೊದಲ ದಿನವೆಂದು ಬೇಗ ಬಂದಿದ್ದಾನೆ. ಪರದೆ ನೋಡಿದ. ತಲೆ ಕೆರೆದುಕೊಂಡ. ಮೌಸ್ ಹುಡುಕಿದ. ಎದ್ದ.

8.27

ಕಾಫಿಗೆ ಹೋದ.

8.28

ಮೀಸೆ ಬಂದು ನನ್ನ ಮೇಜಿನ ಮುಂದೆ ನಿಂತಿದ್ದಾನೆ. ಒಂಬತ್ತು ಟ್ರಕ್ಕಂತೆ. "ಪೇಪರ್ ಹಾಕಿದ್ದೀನಿ," ಎಂದು ಛಾವಣಿಗೆ ಹೇಳಿದ. "ಸುಮ್ನೆ ಹೇಳ್ದೆ, ಮೇಡಮ್. ನಿಮಗೇನೂ ಅಲ್ಲ."

ನನಗೇನು? ನನ್ನ ಕೆಲಸ ಬ್ಯಾಡ್ಜ್. ಡ್ಯಾಶ್‌ಬೋರ್ಡೇ ಬಂದು ಕೇಳಲಿ. ಕೇಳಿದರೆ ಕೂರಿಸಿಕೊಂಡು ಹೇಳುತ್ತೇನೆ. ಇವತ್ತಲ್ಲದಿದ್ದರೆ ನಾಳೆ ಕೇಳುತ್ತಾನೆ.

ಫೋನ್. ಅಕ್ಕ.

"ಮೀಸೆ ಪೇಪರ್ ಹಾಕಿದ್ನಾ?"

"ಹಾಕಿದಾನಂತೆ."

"ನೀನು ನೋಡಿದ್ಯಾ?"

"ನಾನ್ಯಾಕೆ ನೋಡ್ಲಿ? ನಾನೀಗ—"

"ನೋಡ್ಕೊಂಡು ಬಾ. ಫೋನ್ ಇಡಲ್ಲ."

ಎದ್ದೆ. ಹೋಗಿ ನೋಡಿದೆ. ಬಿಳಿ ಮೇಲೆ, ಹಳದಿ ನಡುವೆ, ಗುಲಾಬಿ ಕೆಳಗೆ. ಅಂಚಿನ ರಂಧ್ರಗಳು ಪ್ರಿಂಟರಿನ ಹಲ್ಲಿಗೆ ಸರಿಯಾಗಿ ಕೂತಿವೆ. ವಾಪಸ್ ಬಂದೆ. ಕಾಫಿ ಮಷೀನಿನ ಮುಂದೆ ಅವನು ಇನ್ನೂ ಸಕ್ಕರೆ ಕಲಕುತ್ತಿದ್ದಾನೆ. ನನ್ನ ಟರ್ಮಿನಲ್‌ನಲ್ಲಿ ಕುಟ್ಟಿದೆ: ಅವನ ಹೆಸರು, ಒಂದು, ಎರಡು, ಮೂರು. ಏಳು. ಪ್ರಶ್ನೆ ಬಂತು.

8.29. ಬೆರಳು ಜಿ ಮೇಲೆ. ಕಿವಿಯಲ್ಲಿ ಅಕ್ಕನ ಉಸಿರು. "ಯಾಕೆ ಒತ್ತಬೇಕು, ಹೇಳು ನೋಡೋಣ?" ಎಂದು ಕೇಳುತ್ತಿದ್ದಾಳೆ, ಈ ವಯಸ್ಸಿನಲ್ಲಿ ನನಗೆ ಪರೀಕ್ಷೆ. ಯಾಕೆಂದರೆ, ಅಕ್ಕ, ಅದು ಕೇಳುತ್ತಿದೆ, ನಾನು ಹೋಗಿ ನೋಡಿಕೊಂಡು ಬಂದಿದ್ದೇನೆ. ಜಿ.